ಕರಡಿಗೆಯ ನೆರಳು

ನಮ್ಮತ್ತೆ ಶಿವಲಿಂಗವ್ವ ಮನುಷ್ಯರಿಗೆ ಹೆದರಿದವರಲ್ಲ. ಅವರಿಗೆ ಹೆದರಿಕೆ ಇರುವುದು ಒಂದೇ, ತಾವು ಮಲಗಿದಾಗ ನಳದಲ್ಲಿ ನೀರು ಬಂದು ಹೋಗಿಬಿಟ್ಟೀತು ಎಂದು. ಬೈರಿದೇವರಕೊಪ್ಪದ ನಮ್ಮ ಓಣಿಗೆ ನೀರು ಬರುವುದು ವಾರಕ್ಕೊಮ್ಮೆ, ಅದೂ ಅದರ ಮನಸ್ಸಿಗೆ ಬಂದ ಹೊತ್ತಿಗೆ. ಬಂತೆಂದರೆ ಅತ್ತೆ ಬಾಯಿಗೆತ್ತಿದ ತುತ್ತನ್ನು ತಾಟಿನಲ್ಲಿಟ್ಟು ಏಳುತ್ತಾರೆ. ಕೊಡ, ಬ್ಯಾರಲ್ಲು, ಹಂಡೆ, ಕೊನೆಗೆ ಹಾಲಿನ ಪಾತ್ರೆಯೂ ತುಂಬಬೇಕು. ಆಮೇಲೆ ಮಾಳಿಗೆಯ ಮೇಲಿನ ಟಾಕಿ ತುಂಬಿತೋ ಇಲ್ಲವೋ ಎಂದು ತಾವೇ ನಿಚ್ಚಣಿಕೆ ಏರಿ, ಮುಚ್ಚಳ ಸರಿಸಿ, ಇಣುಕಿ ನೋಡಬೇಕು. ಬೇರೆಯವರು ಇಣುಕಿದರೆ ನಂಬಿಕೆಯಿಲ್ಲ. ನನ್ನ ಗಂಡ ಅಮರೇಶ ಲಕಮನಹಳ್ಳಿಯ ಕಾರ್ಖಾನೆಯಲ್ಲಿ ದಿನವಿಡೀ ಯಂತ್ರ ನೋಡಿಕೊಳ್ಳುವವರು. ಟಾಕಿ ತುಂಬಿದರೆ ನೀರು ತಾನೇ ನಿಲ್ಲುವ ಹಾಗೆ ಒಳಗೊಂದು ಚೆಂಡು ಹಾಕಿಸುತ್ತೇನೆ ಎಂದಾಗ ಅತ್ತೆ, "ಚೆಂಡಿಗೆ ಏನ್ ತಿಳೀತೈತಿ?" ಎಂದು ಅವರ ಬಾಯಿ ಮುಚ್ಚಿಸಿದ್ದರು.

ಶ್ರಾವಣ ಮುಗಿಯಲಿಕ್ಕೆ ಬಂದಿತ್ತು. ಅಂಗಳದಲ್ಲಿ ಪಾಚಿ ಕಟ್ಟಿತ್ತು. ಒಂದು ದಿನ ಅತ್ತೆ ಏರಿದ ನಿಚ್ಚಣಿಕೆಯ ಕಾಲು ಜಾರಿತು. ಅತ್ತೆ ಬಿದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ, ಎಡಬೆನ್ನು ಕೆಳಗಾಗಿ. ನಾನು ಓಡಿಹೋಗುವಷ್ಟರಲ್ಲಿ ಟಾಕಿ ತುಂಬಿ ಸುರಿಯುತ್ತಿತ್ತು, ಅತ್ತೆ ಆ ನೀರಿನಲ್ಲೇ ಬಿದ್ದುಕೊಂಡಿದ್ದರು. "ಮೊದಲ ನಳ ಬಂದ್ ಮಾಡು" ಎಂದರು.

ಹತ್ತಿರದ ಒಂದು ಸಣ್ಣ ದವಾಖಾನೆಗೆ ಆಟೋದಲ್ಲಿ ಕರೆದೊಯ್ದೆವು. ಎಕ್ಸ್‌ರೇ ಕೋಣೆಯ ಹುಡುಗ ಬಾಗಿಲಲ್ಲೇ ನಿಂತು, "ಮೈಮ್ಯಾಲಿಂದ ಬಂಗಾರ, ಬೆಳ್ಳಿ, ಕಬ್ಬಿಣ ಎಲ್ಲಾ ತಗದ ಬರ್ರಿ" ಎಂದು ಕೂಗಿದ. ಅತ್ತೆ ಬಳೆ ತೆಗೆದುಕೊಟ್ಟರು, ಕಿವಿಯ ಬೆಂಡೋಲೆ ತೆಗೆದುಕೊಟ್ಟರು. ನನ್ನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದರು. ಸ್ವಲ್ಪ ಹೊತ್ತಿಗೆ ಡ್ಯೂಟಿ ಡಾಕ್ಟರು ಫಿಲ್ಮು ಬೆಳಕಿಗೆ ಹಿಡಿದು, "ಹೊರಗಿನ ಏನೋ ಸಾಮಾನು ಅಡ್ಡ ಬಂದೈತಿ, ಮತ್ತೊಮ್ಮೆ ತಗೀಬೇಕ್ರಿ" ಎಂದರು. ಅತ್ತೆ ಮತ್ತೆ ನಿಲ್ಲಲು ಒಪ್ಪಲೇ ಇಲ್ಲ. ನೋವೆಂದರು, ತಲೆ ತಿರುಗುತ್ತದೆಂದರು, ಕಡೆಗೆ ಅತ್ತರು. ಕಾಣುವ ಎಲುಬುಗಳೆಲ್ಲ ನೆಟ್ಟಗಿವೆ, ಬೆನ್ನಿನ ಮಾಂಸಕ್ಕೆ ಪೆಟ್ಟಾಗಿರಬೇಕು ಎಂದು ಡಾಕ್ಟರು ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಹಾಕಿ, ಮುಂದಿನ ವಾರ ಬನ್ನಿ ಎಂದರು. ನಾವೂ ಸಮಾಧಾನಪಟ್ಟುಕೊಂಡು ಮನೆಗೆ ಬಂದೆವು.

ಇಲ್ಲಿ ಅತ್ತೆಯ ಬಗ್ಗೆ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಬರೀ ಹಠ ಎನಿಸೀತು. ಅವರ ತವರು ಗರಗ. ಸಾಲಿ ಬಿಟ್ಟ ಮೇಲೆ ಮದುವೆಯಾಗುವ ತನಕ ಅಲ್ಲಿಯ ಖಾದಿ ಕೇಂದ್ರದಲ್ಲಿ ನೂಲು ತೆಗೆದವರು. ಬಲಗೈ ರಾಟಿ ತಿರುಗಿಸಬೇಕು, ಎಡಗೈ ಹತ್ತಿಯ ಹಂಜಿಯಿಂದ ಎಳೆಯನ್ನು ಹಿಂದಕ್ಕೆ, ಮೇಲಕ್ಕೆ ಎಳೆಯುತ್ತ ಹೋಗಬೇಕು. ಆ ಎಡಗೈಯ ಹೆಮ್ಮೆ ಅವರಿಗೆ ಇನ್ನೂ ಇಳಿದಿಲ್ಲ. ನಾನು ಹಿಟ್ಟು ನಾದುವುದನ್ನು ನೋಡಿ, "ಎಡಗೈ ಏನ್ ತೋರಸಾಕ ಇಟ್ಕೊಂಡೀಯೇನು?" ಎಂದು ಕೇಳದ ದಿನವಿಲ್ಲ. ಮಾವ ಫಕೀರಪ್ಪ ಹತ್ತಿ ದಲಾಲಿಯ ಅಡತಿ ಅಂಗಡಿಯಲ್ಲಿದ್ದವರು, ತೀರಿಕೊಂಡು ಬಹಳ ವರ್ಷವಾಯಿತು. ಅವರಿದ್ದಾಗಲೂ, ಹೋದ ಮೇಲೂ, ಅತ್ತೆಯ ಬೆಳಗು ಒಂದೇ ತರಹ. ಮೈತೊಳೆದು ವಿಭೂತಿ ಧರಿಸಿ, ಕೊರಳಲ್ಲಿಯ ಬೆಳ್ಳಿಯ ಕರಡಿಗೆ ಬಿಚ್ಚಿ, ಒಳಗಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೀರು, ಪತ್ರಿ, ಹೂವು ಏರಿಸುತ್ತಾರೆ. ಕೊನೆಗೆ ಆ ಅಂಗೈಯನ್ನು ಕಣ್ಣಿನ ಸರಿಸಮಕ್ಕೆ ಎತ್ತಿ ಹಿಡಿದು, ರೆಪ್ಪೆ ಹೊಡೆಯದೆ ನೋಡುತ್ತ ಕೂಡುತ್ತಾರೆ. ಆ ಹೊತ್ತಿನಲ್ಲಿ ಕುಕ್ಕರ್ ಸೀಟಿ ಹೊಡೆದರೂ ಅವರಿಗೆ ಕೇಳಿಸುವುದಿಲ್ಲ. ಹುಟ್ಟಿದಾಗ ಮಠದ ಅಯ್ಯನವರು ಕಟ್ಟಿದ ಲಿಂಗ ಅದು. ಮೈಯಿಂದ ಒಂದು ಗಳಿಗೆಯೂ ಬೇರೆ ಇಟ್ಟವರಲ್ಲ. ನನ್ನ ಲಿಂಗ ದೇವರ ಜಗಲಿಯ ಮೇಲೆ ಆರಾಮಾಗಿ ಕುಳಿತಿದೆ, ಅದಕ್ಕಾಗಿ ದಿನಾ ಬೈಗುಳ ತಿನ್ನುತ್ತೇನೆ.

ಬಿದ್ದು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಚಹಾ ಕೊಡಲು ಹೋದೆ. ಅತ್ತೆ ಜೋಳಿಗೆ ಬಿಚ್ಚಿ ಕುಳಿತಿದ್ದರು. ಎಡ ಅಂಗೈ ತೊಡೆಯ ಮೇಲಿತ್ತು, ಅಂಗೈಯಲ್ಲಿ ಲಿಂಗ. ಎತ್ತಲು ನೋಡಿದರು. ಹಣೆಯ ಮೇಲೆ ಬೆವರು ಮೂಡಿತು, ಕೈ ತೊಡೆ ಬಿಟ್ಟು ಏಳಲಿಲ್ಲ. ಬಲಗೈಯಿಂದ ಎಡಗೈ ಹಿಡಿದು ಎತ್ತಲು ನೋಡಿದರು. ಅದೂ ಆಗದೆ, ಬೆನ್ನು ಬಗ್ಗಿಸಿ ತಾವೇ ಲಿಂಗದ ಕಡೆ ಮುಖ ಇಳಿಸಿದರು. ಚಹಾದ ಲೋಟ ಅಲ್ಲೇ ಕೆಳಗಿಟ್ಟೆ. ಅಷ್ಟು ಬಾಯಿ ಇರುವ ಹೆಂಗಸು ಹಾಗೆ ಬಗ್ಗಬಾರದು.

"ಅತ್ತೀ, ಇದು ಮಾಂಸದ ಪೆಟ್ಟಲ್ರಿ. ಮತ್ತೊಬ್ಬರಿಗೆ ತೋರ್ಸೂಣು" ಎಂದೆ.

"ತೋರ್ಸೂದೇನೂ ಬ್ಯಾಡ" ಎಂದರು. ಯಾವುದಕ್ಕೂ ಬೇಡ ಎನ್ನುವ ಜೀವ ಎಂದುಕೊಂಡು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಮರೇಶ ರಜೆ ಹಾಕಿದರು. ಎಲುಬಿನ ದೊಡ್ಡ ಡಾಕ್ಟರು ಶಿವಯೋಗೀಶರ ಕಡೆ ಕರೆದೊಯ್ದೆವು.

ಅವರು ಹಳೆಯ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಹುಬ್ಬು ಗಂಟಿಕ್ಕಿದರು. "ಇದು ಬೆನ್ನ ಮ್ಯಾಲಿನ ಹಲಗಿ ಎಲುಬ್ರಿ. ಸುತ್ತ ದಪ್ಪ ಮಾಂಸ ಇರತೈತಿ, ಅದಕ್ಕ ಸುಮ್‌ಸುಮ್ನ ಮುರಿಯೂದಿಲ್ಲ. ಮುರದ್ರೂ ಭಾಳ ಮಂದಿಗೆ ಕೈ ಜೋಳಗ್ಯಾಗ ಹಾಕಿ ಇಟ್ರ ತಾನ ಕೂಡತೈತಿ, ಕತ್ತರಿ ಹಚ್ಚೂ ಕೆಲಸ ಇಲ್ಲ. ಆದ್ರ ಇದರ ತುದೀಗೆ ಒಂದು ಬಟ್ಲ ಐತಿ ನೋಡ್ರಿ. ತೋಳಿನ ಎಲುಬಿನ ಗುಂಡು ಅದರಾಗ ತಿರಗತೈತಿ. ಆ ಬಟ್ಲ ಒಡದೈತೋ ಇಲ್ಲೋ ಅನ್ನೂದು ನೋಡಬೇಕು. ಎಲ್ಲಿ ನೋಡಬೇಕೋ ಅಲ್ಲೇ ಈ ಬೆಳ್ಳನ ತತ್ತಿ ಕುಂತೈತಿ. ಏನಿದು?"

ನಾನೂ ನೋಡಿದೆ. ಕಪ್ಪು ಫಿಲ್ಮಿನ ಮೇಲೆ, ಕಂಕುಳದ ಹತ್ತಿರ, ಹಾಲಿನಷ್ಟು ಬೆಳ್ಳಗೆ ಒಂದು ಆಕಾರ. ತತ್ತಿಯ ಹಾಗೇ ಇತ್ತು. ಆದರೆ ಅದರ ಎರಡೂ ಬದಿಗೆ ಸಣ್ಣ ಕಿವಿಗಳಿದ್ದವು, ದಾರ ಪೋಣಿಸುವ ಕಿವಿಗಳು. ಆ ಕಿವಿಗಳನ್ನು ನಾನು ಹಬ್ಬಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ್ದೇನೆ.

"ಅತ್ತೀ!" ಎಂದೆ.

ಅತ್ತೆ ಗೋಡೆ ನೋಡಿದರು. ಅಂದು ಎಕ್ಸ್‌ರೇ ಕೋಣೆಯಲ್ಲಿ ಬೆಳ್ಳಿ ತೆಗೆಯಿರಿ ಎಂದಾಗ ಕರಡಿಗೆಯನ್ನು ಕುಪ್ಪಸದೊಳಗೆ ಸೇರಿಸಿ, ಎಡಗಂಕುಳಲ್ಲಿ ಅವುಚಿಕೊಂಡು ನಿಂತಿದ್ದರಂತೆ. ಮತ್ತೊಮ್ಮೆ ತೆಗೆಯೋಣ ಎಂದಾಗ ಅತ್ತದ್ದು ನೋವಿಗಲ್ಲ, ಸಿಕ್ಕಿಬಿದ್ದೇನು ಎಂದು. ಲಿಂಗ ಮೈ ಬಿಡಬಾರದೆಂದು ಕಾಪಾಡಿಕೊಂಡದ್ದೇ ನೋಡಬೇಕಾದ ಜಾಗವನ್ನು ಮುಚ್ಚಿಬಿಟ್ಟಿತ್ತು. ನನಗೆ ಮೊದಲು ನಗು ಬಂತು. ಲಿಂಗಕ್ಕೆ ತತ್ತಿ ಎಂದ ಡಾಕ್ಟರ ಮುಖ ನೋಡಿ ಇನ್ನೂ ನಗು ಬಂತು. ಆಮೇಲೆ ಡಾಕ್ಟರು, ಬಿದ್ದು ಇಷ್ಟು ದಿನವಾಯಿತೇ ಎಂದು ಕೇಳಿದ ದನಿಗೆ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಬಟ್ಲ ಒಡದಿದ್ರ ಎಲುಬು ಹೆಂಗ ಬೇಕೋ ಹಂಗ ಕೂಡೂದ್ರಾಗ ಕೈ ಹಾಕಬೇಕ್ರಿ. ಒಮ್ಮೆ ಸೊಟ್ಟ ಕೂಡಿತಂದ್ರ ಬಿಡಸೂದು ತ್ರಾಸು. ಇವತ್ತ ಸಿಟಿ ಸ್ಕ್ಯಾನ್ ಆಗ್ಲಿ. ಕರಡಿಗಿ ಮಾತ್ರ ಬ್ಯಾಡ್ರಿ ಅಮ್ಮಾರ, ಬೆಳ್ಳಿ ಇದ್ರ ಚಿತ್ರದ ತುಂಬ ಗೆರಿ ಹೊಡೀತೈತಿ."

"ಹಂಗಾದ್ರ ಸ್ಕ್ಯಾನೂ ಬ್ಯಾಡ" ಎಂದು ಅತ್ತೆ ಎದ್ದರು.

ಸ್ಕ್ಯಾನ್ ಕೋಣೆಯ ಹೊರಗೆ ಕೂಡುವ ಬಾಕಿನ ಮೇಲೆ ನಮ್ಮ ಮನೆಯ ಜಗಳ ನಡೆಯಿತು. ಹೋಗಿಬರುವ ಮಂದಿಗೆ ಪುಕ್ಕಟೆ ನಾಟಕ. ಅಮರೇಶ "ಯವ್ವಾ, ಬರೇ ಚೂರು ಹೊತ್ತು" ಎಂದು ಗೋಗರೆದರು. "ನಿಮ್ಮಪ್ಪ ಸತ್ತಾಗ ತಾಳಿ ತಗದೇನಿ, ಇದನ್ನ ತಗದಿಲ್ಲ. ನಿನ್ನ ಹಡಿಯುವಾಗ ತಗದಿಲ್ಲ" ಎಂದರು ಅತ್ತೆ. ಕೈ ಏಳದಿದ್ದರೆ ಲಿಂಗವನ್ನು ಎತ್ತುವುದು ಹೇಗೆ ಎಂದು ನಾನು ಕೇಳಿದೆ. ಅದು ನಾಟಿತು, ಮುಖ ಸಣ್ಣದಾಯಿತು. ಲಿಂಗವನ್ನು ಮತ್ತೆ ಕಣ್ಣಿನ ಮಟ್ಟಕ್ಕೆ ಎತ್ತಬೇಕೆಂದರೆ ಅದನ್ನು ಮೈಯಿಂದ ಇಳಿಸಬೇಕು. ಇಳಿಸದಿದ್ದರೆ ಇನ್ನೆಂದೂ ಎತ್ತಲಾಗದು. ಅತ್ತೆ ಸಿಕ್ಕಿಕೊಂಡದ್ದು ಅಲ್ಲಿ. ಕೆಲಸದ ಕೈ, ರೊಟ್ಟಿಯ ಕೈ ಹೋದರೆ ನಾನಿದ್ದೇನೆ. ಲಿಂಗ ಹಿಡಿಯಬೇಕಾದದ್ದು ಎಡ ಅಂಗೈಯಲ್ಲೇ, ಈ ಕೈಗೆ ಬದಲಿ ಯಾರೂ ಇರಲಿಲ್ಲ.

ಸ್ಕ್ಯಾನ್ ತೆಗೆಯುವ ವಿಕ್ಟೋರಿಯಾ ಹೊರಗೆ ಬಂದು, ಏನು ಗದ್ದಲ ಎಂದು ಕೇಳಿದರು. ಹುಬ್ಬಳ್ಳಿಯವರೇ, ಅಪ್ಪ ಚರ್ಚಿನ ಸಾಲಿಯಲ್ಲಿ ಮಾಸ್ತರರಂತೆ. ನಾನು ಹೇಳಿದೆ.

"ಅಷ್ಟ ಏನ್ರಿ?" ಎಂದರು ವಿಕ್ಟೋರಿಯಾ. "ಅಮ್ಮಾರ, ನನಗ ನಿಮ್ಮ ಹೆಗಲ ಅಷ್ಟ ಬೇಕ್ರಿ. ಲಿಂಗಪ್ಪನ್ನ ಬಲಗೈ ಮುಷ್ಟ್ಯಾಗ ಹಿಡೀರಿ, ಮುಷ್ಟಿ ಹೊಟ್ಟಿ ಮ್ಯಾಲ ಇಟ್ಕೊಂಡು ಮಲಗ್ರಿ. ಅಲ್ಲೀಮಟ ನನ್ನ ಮಷೀನ್ ಬರೂದಿಲ್ಲ."

ಅತ್ತೆ ಅವರನ್ನೇ ನೋಡುತ್ತ ಕುಳಿತರು. "ಮೊದಲಿನ ದವಾಖಾನ್ಯಾಗ ಇದನ್ನ ಯಾರೂ ಹೇಳಲೇ ಇಲ್ಲಲ್ಲ?"

"ನೀವು ಕೇಳಿದ್ರೇನ್ರಿ?"

ಕೇಳಿರಲಿಲ್ಲ. ಅಡಗಿಸಿಕೊಂಡಿದ್ದರು. ಅಷ್ಟು ದಿನದ ನೋವು, ಅಷ್ಟು ದಿನದ ತಡ, ಎಲ್ಲ ಒಂದು ಮಾತು ಕೇಳದ್ದಕ್ಕೆ. ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಮೇಲೋ, ಬಾಗಿಲಲ್ಲಿ ನಿಂತು ಕೂಗಿದ ಆ ಹುಡುಗನ ಮೇಲೋ, ಹೊರಗೆ ಬಳೆ ಹಿಡಿದುಕೊಂಡು ನಿಂತಿದ್ದ ನನ್ನ ಮೇಲೋ ತಿಳಿಯಲಿಲ್ಲ.

ಸ್ಕ್ಯಾನ್ ಆಯಿತು. ಡಾಕ್ಟರು ಪರದೆಯ ಮೇಲೆ ಅತ್ತೆಯ ಎಲುಬನ್ನು ತಿರುಗಿಸಿ ತೋರಿಸಿದರು. ಮಾಂಸ ಇಲ್ಲ, ಸೀರೆ ಇಲ್ಲ, ಬಾಯಿ ಇಲ್ಲ, ಬರೀ ತ್ರಿಕೋನದ ಹಲಗೆಯೊಂದು ಕತ್ತಲಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಇನ್ನೊಂದು ಗುಂಡಿ ಒತ್ತಿ ತೋಳಿನ ಎಲುಬನ್ನು ಮಾಯಮಾಡಿದರು, ಹಿಂದಿದ್ದ ಬಟ್ಟಲು ಕಾಣಿಸಿತು. ಕೆಳಗಿನ ಅರ್ಧ ಸೀಳಿ ಜಾರಿ ನಡುವೆ ಒಂದು ಮೆಟ್ಟಿಲು ಬಿದ್ದಿತ್ತು. ಹಲಗೆಯ ಕತ್ತೂ ಬಿರಿದಿತ್ತು. ಬೆನ್ನ ಕಡೆಯಿಂದ ತೆರೆದು, ಮಾಂಸ ಸರಿಸಿ, ತುಂಡುಗಳನ್ನು ಹೊಂದಿಸಿ, ಸಣ್ಣ ಪಟ್ಟಿ ಮತ್ತು ತಿರುಪು ಹಾಕಬೇಕು ಎಂದರು. ಅಲ್ಲಿ ಕೈಯೆತ್ತುವ ನರವೂ ಹಾದುಹೋಗುತ್ತದೆ, ಅದನ್ನು ಕಾಪಾಡಿಕೊಳ್ಳಬೇಕು. ಇನ್ನು ತಡಮಾಡುವ ಹಾಗಿಲ್ಲ.

"ಕೈ ಎಷ್ಟ ಮ್ಯಾಲ ಏಳತೈತ್ರಿ?" ಎಂದು ಅತ್ತೆ ಕೇಳಿದರು. ಖರ್ಚು ಕೇಳಲಿಲ್ಲ, ನೋವು ಕೇಳಲಿಲ್ಲ.

"ಎಷ್ಟ ಏಳಬೇಕು?"

ಅತ್ತೆ ಬಲಗೈ ಎತ್ತಿ ಕಣ್ಣಿನ ಮುಂದೆ ಹಿಡಿದು ತೋರಿಸಿದರು.

ಡಾಕ್ಟರು ಪರದೆಯ ಕಡೆ ತಿರುಗಿ, "ಮಾತು ಕೊಡಾಕ ಆಗೂದಿಲ್ಲ. ನನ್ನ ಕೈಲಾದಷ್ಟು ಮಾಡತೇನಿ" ಎಂದರು. ನಾನಾದರೆ ಸುಳ್ಳಾದರೂ ಹೇಳುತ್ತಿದ್ದೆ.

ಆಪರೇಶನ್ ದಿನ ಅತ್ತೆಗೆ ಹಸಿರು ಗೌನು ತೊಡಿಸಿ ಕೂಡಿಸಿದರು. ಕರಡಿಗೆ ಬಿಡಲು ಅವರು ಒಪ್ಪಿಯಾಗಿತ್ತು. ಒಳಗಿನ ಲಿಂಗಕ್ಕೆ ಬೆಳ್ಳಿಯಿಲ್ಲ, ಕಬ್ಬಿಣವಿಲ್ಲ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಇಟ್ಟುಕೊಳ್ಳುತ್ತೇನೆ ಎಂದರು. ಡಾಕ್ಟರೂ ಆಗಲಿ ಎಂದಿದ್ದರು. ಎಲ್ಲಿ ಇಡುವುದು ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ. ಎಡತೋಳು ಕತ್ತರಿಯ ಕಡೆ. ಬಲತೋಳಿಗೆ ಸಲಾಯಿನ್ನು, ಬಿಪಿ ಪಟ್ಟಿ. ಕೊರಳ ಹತ್ತಿರ ಉಸಿರಿನ ನಳಿಗೆ. ಬಲಮಗ್ಗುಲಾಗಿ ಮಲಗಿಸಿ ಎದೆಗೆ, ಹೊಟ್ಟೆಗೆ ಪಟ್ಟಿ ಬಿಗಿಯುತ್ತಾರೆ. ಮುಷ್ಟಿಯಲ್ಲಿ ಹಿಡಿಯುತ್ತೇನೆ ಎಂದರೆ, ಮಂಪರು ಬಂದ ಮೇಲೆ ಮುಷ್ಟಿ ಬಿಚ್ಚಿಕೊಳ್ಳುತ್ತದೆ, ಕೆಳಗೆ ಬಿದ್ದರೆ? ಬಿದ್ದರೆ ಎಂಬ ಮಾತಿಗೇ ಅತ್ತೆ ಲಿಂಗವನ್ನು ಎದೆಗೆ ಅವುಚಿಕೊಂಡರು.

ಪಾಪ, ಕೇರಳದ ಕಡೆಯ ಸಿಸ್ಟರ್ ಒಬ್ಬಳು ಒಳ್ಳೆಯ ಮನಸ್ಸಿನಿಂದಲೇ, "ಕಾಲಿಗೆ ಕಟ್ಟೋಣ ಅಮ್ಮಾ, ಕಾಲು ಖಾಲಿ ಇದೆ" ಎಂದಳು.

ಸೊಂಟದ ಕೆಳಗೆ ಲಿಂಗ ಇಳಿಯಬಾರದೆಂಬುದು ಆಕೆಗೆ ಹೇಗೆ ಗೊತ್ತಿರಬೇಕು! ಅತ್ತೆ ಏನೂ ಬೈಯಲಿಲ್ಲ. ಬೈದಿದ್ದರೆ ನನಗೆ ಧೈರ್ಯವಿರುತ್ತಿತ್ತು. ಮಂಚದಿಂದ ಇಳಿದು ನನ್ನ ಕಡೆ ಬಲಗೈ ಚಾಚಿ, "ಭಾಗ್ಯಾ, ನನ್ನ ಸೀರಿ ತಾ. ಮನೀಗೆ ಹೋಗೂಣು" ಎಂದರು. ಇವತ್ತಿನ ಸರದಿ ತಪ್ಪಿದರೆ ಮತ್ತೆ ಯಾವಾಗಲೋ. ಒಳಗೆ ಎಲುಬು ತನಗೆ ತಿಳಿದ ಹಾಗೆ ಸೊಟ್ಟ ಕೂಡುತ್ತ ಕುಳಿತಿದೆ. ಅಮರೇಶ ಬಾಗಿಲ ಹೊರಗೆ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. ನಾನು ಸೀರೆಯ ಚೀಲ ಎದೆಗವುಚಿಕೊಂಡು, ಕೊಡುವುದಿಲ್ಲ ಎಂದೆ. ಅಷ್ಟು ವರ್ಷದಲ್ಲಿ ಅವರಿಗೆ ಎದುರು ನಿಂತು ಹೇಳಿದ ಮೊದಲ 'ಇಲ್ಲ' ಅದು.

ಮಂಪರು ಕೊಡುವ ಡಾಕ್ಟರು ಅಬೀದಾ ಆಗ ಒಳಗೆ ಬಂದರು. ಗಡಿಬಿಡಿಯಲ್ಲಿದ್ದರು. "ಟೋಪಿ ಯಾಕ ಹಾಕಿಲ್ಲ ಇವರಿಗೆ?" ಎಂದು ಸಿಸ್ಟರನ್ನು ಗದರಿಸಿದರು. ಸಿಸ್ಟರ್ ತೆಳುವಾದ ಹಸಿರು ಟೋಪಿ ತಂದಳು.

ಅತ್ತೆ ಟೋಪಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇದು ತಲೀ ಮ್ಯಾಲಿಂದ ಯಾವಾಗ ತಗೀತೀರಿ?"

"ನೀವು ಎಚ್ಚರಾಗೂತನಕ ತಗಿಯೂದಿಲ್ರಿ."

"ನಮ್ಮಜ್ಜ ಹಳ್ಳ ದಾಟುವಾಗ ಲಿಂಗ ತಲೀಗೆ ಕಟ್ಕೊಂತಿದ್ದ" ಎಂದರು ಅತ್ತೆ, ತಮ್ಮಷ್ಟಕ್ಕೆ ಎಂಬಂತೆ. "ತಲಿ ಎಲ್ಲಾದಕ್ಕಿಂತ ಮ್ಯಾಲಿನ ಜಾಗಾ. ತುರುಬಿನಾಗ ಇಟ್ಟು ಮ್ಯಾಲ ಈ ಟೋಪಿ ಬಿಗದ್ರ ಬಿದ್ದೀತೇನ್ರಿ?"

ಅಬೀದಾ ಡಾಕ್ಟರು ಗಡಿಬಿಡಿ ಮರೆತು ನಿಂತರು. ಅತ್ತೆಯ ತಲೆ ಮುಟ್ಟಿ ನೋಡಿದರು. "ಬಲಮಗ್ಗಲ ಕೆಳಗಾಗತೈತಿ. ತುರುಬು ಎಡಗಡೆ, ಮ್ಯಾಲ ಕಟ್ರಿ. ಒತ್ತೂದಿಲ್ಲ, ನನಗೂ ಅಡ್ಡಿಲ್ಲ. ಎಚ್ಚರಾಗೂತನಕ ನಾ ತಲೀ ಕಡೇನ ಕೂಡೂದ್ರಿ ಅಮ್ಮಾ, ನೋಡ್ಕೋತೇನಿ."

ನಾನು ಕೂದಲು ಕಟ್ಟಿದೆ. "ಬಿಗಿ ಕಟ್ಟು, ಎಮ್ಮೀಗೆ ಹಗ್ಗ ಕಟ್ಟಿದಂಗ ಕಟ್ಟಬ್ಯಾಡ" ಎಂದು ಬೈಸಿಕೊಂಡೆ. ಬೈಗುಳ ಅಷ್ಟು ಸಿಹಿಯಾಗಿ ನನಗೆ ಹಿಂದೆಂದೂ ಕೇಳಿಸಿರಲಿಲ್ಲ. ಲಿಂಗವನ್ನು ಅವರೇ ಬಲಗೈಯಿಂದ ತುರುಬಿನೊಳಗೆ ಸೇರಿಸಿದರು. ಖಾಲಿ ಕರಡಿಗೆಯನ್ನು ನನ್ನ ಕೈಯಲ್ಲಿಟ್ಟು ಒಳಗೆ ಹೋದರು.

ಆಪರೇಶನ್ ಮುಗಿಯುವತನಕ ನಾನೂ ಅಮರೇಶರೂ ಬಾಗಿಲ ಹೊರಗೆ ಕುಳಿತೆವು. ಕರಡಿಗೆ ಕಳೆದೀತೆಂದು ಕೊರಳಿಗೆ ಹಾಕಿಕೊಂಡೆ. ಎಷ್ಟು ಹಗುರ ಅದು! ದಿನಾ ಅದನ್ನು ಹೊತ್ತ ಮನುಷ್ಯರು ಒಳಗೆ ಬೆನ್ನು ತೆರೆದುಕೊಂಡು ಮಲಗಿದ್ದಾರೆ ಎಂಬುದು ಮತ್ತೆ ಮತ್ತೆ ನೆನಪಾಗುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ, ಪ್ರತಿಸಲ ಬೇರೆ ಯಾರದೋ ಹೆಸರು ಕೂಗುತ್ತಿದ್ದರು. ಕಡೆಗೆ ಶಿವಯೋಗೀಶರು ಬಂದು, "ಬಟ್ಲ ಹೊಂದೈತ್ರಿ. ಕೈ ಎಷ್ಟ ಏಳತೈತಿ ಅನ್ನೂದು ಮುಂದಿನ ಮಾತು" ಎಂದರು. ಅತ್ತೆ ಕಣ್ಣು ಬಿಟ್ಟವರೇ ಬಲಗೈಯನ್ನು ತಲೆಗೆ ಒಯ್ದರು. ಇತ್ತು. ಮತ್ತೆ ಕಣ್ಣು ಮುಚ್ಚಿದರು.

ಆಮೇಲಿನ ದಿನಗಳು ಇನ್ನೂ ಕಠಿಣವಾಗಿದ್ದವು. ಬಗ್ಗಿ ನಿಂತು ಕೈ ಇಳಿಬಿಟ್ಟು ತೂಗುವುದು, ಗೋಡೆಯ ಮೇಲೆ ಬೆರಳು ನಡೆಸುವುದು, ಕೋಲು ಹಿಡಿದು ಎತ್ತುವುದು. ವ್ಯಾಯಾಮ ಮಾಡಿಸುವವರು ಬಂದರೆ ಅತ್ತೆ ಅವರ ಅಜ್ಜನ ಕಾಲದವರೆಗೂ ಬೈಯುತ್ತಿದ್ದರು, ಹೇಳಿದ್ದನ್ನು ಮಾತ್ರ ತಪ್ಪದೆ ಮಾಡುತ್ತಿದ್ದರು. ಕೈ ಹೊಟ್ಟೆ ದಾಟಿತು, ಎದೆಯ ತನಕ ಬಂತು. ಅಲ್ಲಿ ನಿಂತಿತು. ವಾರ ಹೋಯಿತು, ಮತ್ತೊಂದು ವಾರ ಹೋಯಿತು, ಎದೆ ಬಿಟ್ಟು ಮೇಲೇಳಲಿಲ್ಲ. ಮತ್ತೆ ಎಕ್ಸ್‌ರೇ ತೆಗೆಸಿದೆವು. ಈ ಸಲ ಅತ್ತೆ ಬಾಗಿಲಲ್ಲೇ, "ಲಿಂಗ ಐತಿ, ಬಲಗೈಯಾಗ ಹಿಡ್ಕೊಂತೇನಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಒಳಗೆ ಹೋದರು. ಫಿಲ್ಮು ಸ್ವಚ್ಛ, ತತ್ತಿಯಿಲ್ಲ. ಪಟ್ಟಿ, ತಿರುಪು ಎಲ್ಲ ತಮ್ಮ ಜಾಗದಲ್ಲಿದ್ದವು. ಡಾಕ್ಟರು ಬಿಗಿತ ಬಿಡಬೇಕು ಎಂದರು. ಬಿಡದಿದ್ದರೆ ಎಂದು ಅಮರೇಶ ಕೇಳಿದ್ದಕ್ಕೆ, ಕೆಲವರಿಗೆ ಇಷ್ಟಕ್ಕೇ ನಿಲ್ಲುತ್ತದೆ ಎಂದರು. ಬರುವಾಗ ದಾರಿಯುದ್ದಕ್ಕೂ ಅತ್ತೆ ಬಸ್ಸಿನ ಕಿಟಕಿಯ ಹೊರಗೇ ನೋಡುತ್ತಿದ್ದರು.

ಅಂದಿನಿಂದ ಅವರು ಪೂಜೆಗೆ ಕೂತಾಗ ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ಬಗ್ಗಿದ ಕುತ್ತಿಗೆ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಗ್ಗೆ ನಳ ಸಪ್ಪಳ ಮಾಡಿತು. ಕೊಡ, ಬ್ಯಾರಲ್ಲು ತುಂಬಿಸಿ, ಟಾಕಿಗೆ ನೀರು ಬಿಟ್ಟು, ಪಡಸಾಲೆ ಹಾದು ಹೋಗುತ್ತಿದ್ದೆ. ಅತ್ತೆ ಗೋಡೆಗೆ ಒರಗದೆ ನೆಟ್ಟಗೆ ಕುಳಿತಿದ್ದರು. ಎಡ ಅಂಗೈ ಎದೆಯ ಮಟ್ಟದಲ್ಲಿತ್ತು, ಮೇಲೆ ಲಿಂಗ, ಒಂದೇ ಒಂದು ಪತ್ರಿ. ತಲೆ ಬಗ್ಗಿಸುತ್ತಾರೆ ಎಂದುಕೊಂಡೆ, ಬಗ್ಗಿಸಲಿಲ್ಲ. ಅಂಗೈ ಎದೆ ಬಿಟ್ಟು ಎದ್ದಿತು. ಕತ್ತಿನ ಹತ್ತಿರ ಬಂದಾಗ ಮೊಣಕೈ ಗಡಗಡ ನಡುಗಲಿಕ್ಕೆ ಹತ್ತಿತು. ಪತ್ರಿ ಅಲುಗಿತು. ಬಿದ್ದೀತು, ಈಗ ಬಿದ್ದೀತು ಎಂದು ನಾನು ಮೊಣಕೈಗೆ ಕೈ ಕೊಡಲು ಬಗ್ಗಿದೆ.

"ಮುಟ್ಟಬ್ಯಾಡ" ಎಂದರು, ಲಿಂಗದಿಂದ ಕಣ್ಣು ತೆಗೆಯದೆ.

ಗದ್ದ ದಾಟಿತು. ತುಟಿ ದಾಟಿತು. ಅಂಗೈ ಕಣ್ಣಿನ ಸಮಕ್ಕೆ ಬಂದು ನಿಂತಿತು. ಕೈ ನಡುಗುತ್ತಲೇ ಇತ್ತು, ನಿಂತದ್ದು ಮಾತ್ರ ಅಲ್ಲೇ. ಅತ್ತೆ ನೋಡುತ್ತ ಕುಳಿತರು. ಅವರ ಕಣ್ಣಿಂದ ನೀರು ಇಳಿದು ಕೆನ್ನೆಗೆ ಬಂತು, ಒರೆಸಿಕೊಳ್ಳಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಮಾಳಿಗೆಯ ಮೇಲಿಂದ ದಬದಬ ಸಪ್ಪಳ ಕೇಳಿಸಿತು, ಟಾಕಿ ತುಂಬಿ ಅಂಗಳಕ್ಕೆ ಸುರಿಯುತ್ತಿತ್ತು. ನಾನು ಏಳಲಿಲ್ಲ. ಅತ್ತೆಗೂ ಅದು ಕೇಳಿಸಿರಬೇಕು, ಅವರೂ ಏಳಲಿಲ್ಲ. ಹೊರಗೆ ಓಣಿಯಿಂದ ಯಾರೋ, "ಶಿವಲಿಂಗವ್ವಾರ, ನಿಮ್ಮ ಟಾಕಿ ಹರ್ಯಾಕತ್ತೈತ್ರಿ" ಎಂದು ಕೂಗಿದರು.

"ಹರೀಲಿ" ಎಂದರು ಅತ್ತೆ.